ಮೂರು ಕೈ ವಾರ್ನಿಷ್

ಬೆರಗಾಗುವ ವಿಷಯದಲ್ಲಿ ನಾನು ಬಹಳ ಅಗ್ಗದ ಮನುಷ್ಯ, ದೊಡ್ಡದೇನೂ ಬೇಕಿಲ್ಲ. ಯಾತ್ರೆಗೆ ಹೋಗಿ ಬಂದವರು ಮಂಜಿನ ಬೆಟ್ಟದ ಸುದ್ದಿ ಹೇಳಿದರೆ ಆಕಳಿಸುತ್ತೇನೆ. ಆದರೆ ಮೊನ್ನೆ ನಮ್ಮ ಮನೆಯ ಮೆಟ್ಟಿಲ ಮೇಲೆ ಒಂದು ಚಿಂದಿ ಬಟ್ಟೆ ಮಾಡಿದ ಕೆಲಸಕ್ಕೆ ಮೈ ಜುಮ್ಮೆಂದಿತು. ಶಹಾಬಾದಿನವನು ನಾನು. ನೆಲ, ಮೆಟ್ಟಿಲು, ಅಡುಗೆಕಟ್ಟೆ ಎಲ್ಲ ಫರ್ಸಿ ಕಲ್ಲಿನವು. ಕಟ್ಟಿಗೆಯ ಜೊತೆ ನನ್ನ ಸಂಬಂಧವೆಂದರೆ ಶಾಲೆಯ ಕುರ್ಚಿ, ಅಷ್ಟೇ.

ಮಾಳಿಗೆ ಕಟ್ಟಿ ಎರಡು ವರ್ಷವಾದರೂ ಅವ್ವ ಮೇಲೆ ಹತ್ತಿರಲಿಲ್ಲ. ಮೊಣಕಾಲು ನೋವು, ಹಿಡಿಯಲು ಏನೂ ಇರಲಿಲ್ಲ. ಮೇಲೆ ನನ್ನ ಹೆಂಡತಿ ಹಪ್ಪಳ, ಕುರಡಿಗೆ ಸಂಡಿಗೆ ಒಣಹಾಕಿದರೆ ಅವ್ವ ಕೆಳಗಿನ ಮೆಟ್ಟಿಲಲ್ಲಿ ನಿಂತು ಕೂಗಿ ಕೂಗಿ ಕಾರುಬಾರು ನಡೆಸುತ್ತಿದ್ದಳು. ಅವಳು ಹಿಡಿದು ಹತ್ತಲೆಂದೇ ಮೆಟ್ಟಿಲ ಪಕ್ಕಕ್ಕೆ ಸಾಗುವಾನಿಯ ಕಟಾಂಜನ ಮಾಡಿಸಿದೆ. "ಕಟಗಿ ನಂಬಿ ಹತ್ತಲೇನಪಾ? ಕಲ್ಲಾಗಿದ್ರ ಮಾತು ಬ್ಯಾರೆ" ಅಂದುಬಿಟ್ಟಳು.

ಪಾಲಿಶ್ ಮಾಡಲು ಮಸ್ತಾನ್ ಸಾಬರು ಬಂದರು. ಬಿಳುಚಿಕೊಂಡಿದ್ದ ಕಟ್ಟಿಗೆಯ ಮೇಲೆ ಕಂದು ಬಣ್ಣದಲ್ಲಿ ಅದ್ದಿದ ಬಟ್ಟೆಯನ್ನು ಒಮ್ಮೆ ಎಳೆದರು ನೋಡಿ, ಅಬ್ಬಬ್ಬಾ! ಗೆರೆ, ಸುಳಿ, ಅಲೆಗಳೆಲ್ಲ ಎದ್ದು ಬಂದವು. "ಇದನ್ನ ಹ್ಯಾಂಗ ಬರದ್ರಿ?" ಎಂದೆ.

"ನಾ ಎಲ್ಲಿ ಬರದೀನ್ರಿ ಸರ? ಒಳಗ ಮೊದ್ಲೇ ಇತ್ತು. ನಾ ಬರೇ ಎಬ್ಬಿಸೀನಿ."

ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಗಣಿತ ಕಲಿಸುತ್ತಿದ್ದೇನೆ. ಯಾರೊಳಗೂ ಏನನ್ನೂ ಹೀಗೆ ಎಬ್ಬಿಸಿದ ನೆನಪಿಲ್ಲ.

ಮರುದಿನ ಸಾಬರಿಗೆ ನಾಲವಾರದಲ್ಲಿ ನೆಂಟರ ಮದುವೆ. ವಾರ್ನಿಷ್ ನಾನೇ ಹಚ್ಚುತ್ತೇನೆಂದು ಹಟ ಹಿಡಿದೆ. ರೈಲಿನ ಅವಸರದಲ್ಲಿ ಅವರು, "ಮೂರು ಕೈ ಹೊಡೀರಿ ಸರ, ಕಮ್ಮಿ ಮಾಡಬ್ಯಾಡ್ರಿ" ಎಂದು ಹೇಳಿ ಓಡಿದರು. ಗಣಿತದ ಮಾಸ್ತರನಿಗೆ ಲೆಕ್ಕ ಹೇಳಿಕೊಡಬೇಕೆ? ನನ್ನವು ಎರಡು ಕೈ, ಹೆಂಡತಿಯದೊಂದು. ಎರಡೂ ಕೈಯಲ್ಲಿ ಬ್ರಷ್ ಹಿಡಿದು ನಾನು, ಸೆರಗು ಸಿಕ್ಕಿಸಿಕೊಂಡು ಅವಳು, ಡಬ್ಬಿ ಖಾಲಿಯಾಗುವವರೆಗೆ ಬಳಿದೆವು. "ನಂದು ಇನ್ನೊಂದು ಕೈ ಖಾಲಿ ಅದರಿ" ಎಂದಳು. "ಬ್ಯಾಡ, ಲೆಕ್ಕ ತಪ್ತದ" ಎಂದೆ.

ಎರಡು ದಿನವಾದರೂ ಅದು ಬೆಲ್ಲದ ಪಾಕದಂತೆ ಅಂಟುತ್ತಲೇ ಇತ್ತು. ಯಾರೂ ಮುಟ್ಟಕೂಡದೆಂದು ತಾಕೀತು ಮಾಡಿದೆ. ಮೂರನೆಯ ಬೆಳಿಗ್ಗೆ ಇಳಿದು ಬರುವಾಗ ಮೆಟ್ಟಿಲು ನೋಡುವುದು ಬಿಟ್ಟು ಕಟ್ಟಿಗೆಯ ಆ ಗೆರೆಗಳನ್ನೇ ನೋಡುತ್ತಿದ್ದೆ. ಕಾಲು ಜಾರಿತು. ತೊಂಬತ್ತೈದು ಕಿಲೋ ದೇಹ ಗಾಳಿಯಲ್ಲಿ! ಕೈ ತಾನಾಗಿಯೇ ಹೋಗಿ ಕಟಾಂಜನ ಹಿಡಿಯಿತು. ಅದು ಕಿರ್ ಅನ್ನಲಿಲ್ಲ, ಅಲುಗಲೂ ಇಲ್ಲ.

ಕೆಳಗೆ ನಿಂತಿದ್ದ ಅವ್ವ ನನ್ನ ಸೊಂಟದ ಗತಿ ಕೇಳಲಿಲ್ಲ. "ನಿನ್ನಂಥಾವನ್ನೇ ತಡದದಂದ್ರ ನಾ ಯಾವ ಲೆಕ್ಕ? ಸರಿ ಆ ಕಡೆ" ಎಂದವಳೇ ಸೆರಗನ್ನು ಅಂಗೈಗೆ ಸುತ್ತಿಕೊಂಡು, ಕಟಾಂಜನ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿದಳು. ಮೇಲಿನಿಂದ "ಅಯ್ಯ, ಕುರಡಗಿ ಹಿಂಗ ಹಾಕ್ತಾರೇನ!" ಎಂಬ ಕೂಗು ಕೇಳಿದಾಗ ನನ್ನ ಕಣ್ಣು ತುಂಬಿತು. ಹೆಂಡತಿಯ ಕಣ್ಣೂ ತುಂಬಿತು, ಕಾರಣ ಬೇರೆ.

ಮದುವೆ ಮುಗಿಸಿ ಬಂದ ಸಾಬರು ಕಟಾಂಜನದ ಮೇಲೆ ಮೂಡಿದ್ದ ಐದು ಬೆರಳನ್ನೂ ನನ್ನ ಮುಖವನ್ನೂ ನೋಡಿದರು. "ಮೂರು ಕೈ ಅಂದ್ರ ಹಚ್ಚಿ ಒಣಗಸೂದು, ಹಿಂಗ ಮೂರು ಸರ್ತಿ. ನಿಮ್ಮ ಕೈ ಒತ್ತೂದಲ್ರಿ ಸರ! ಉಜ್ಜಿ ತಗೀಲೇನ್ರಿ?"

ಅವ್ವ ಬಿಡಲಿಲ್ಲ. "ಇರ್ಲಿ ಬಿಡ್ರಿ. ಎಲ್ಲಿ ಹಿಡೀಬೇಕಂತ ನನಗ ಗುರ್ತಿಗಿ ಆಗ್ತದ."

ಈಗ ಮನೆಗೆ ಬಂದವರಿಗೆ ಪಾಲಿಶ್ ತೋರಿಸುವಾಗ ನಾನು ಆ ಗುರುತಿನ ಮೇಲೆ ಕೈ ಇಟ್ಟುಕೊಂಡೇ ನಿಲ್ಲುತ್ತೇನೆ. ಸರಿಯಾಗಿ ಕೂರುತ್ತದೆ.