ಬೆಟ್ಟ ನೋಡುವ ತಾಲೀಮು

ನಮ್ಮ ಭಾವನವರಷ್ಟು ಸಲ ಹಿಮಪರ್ವತಕ್ಕೆ ಹೊರಟವರು ಈ ಭೂಮಂಡಲದಲ್ಲಿ ಇನ್ನೊಬ್ಬರಿಲ್ಲ. ಹೋಗಿ ಬಂದವರು ಬೇಕಾದಷ್ಟು ಜನ ಇರಬಹುದು, ಅದು ಬೇರೆ ಮಾತು. ನಾನು ಹೇಳುತ್ತಿರುವುದು ಹೊರಟವರ ವಿಷಯ. ಮಾರ್ಚ್ ತಿಂಗಳಲ್ಲಿ ಸ್ಕೂಲಿಗೆ ಸ್ಪ್ರಿಂಗ್ ಬ್ರೇಕ್ ಬಂತೆಂದರೆ ಸಾಕು, ಅಮೆರಿಕದ ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನ ಅವರ ಮನೆಯ ಮುಂದೆ ಕಾರಿನ ಡಿಕ್ಕಿ ಬಾಯಿ ತೆರೆಯುತ್ತಿತ್ತು. ಮಂಕಿ ಕ್ಯಾಪುಗಳು, ಪುಳಿಯೋಗರೆ ಗೊಜ್ಜು, ಅವಲಕ್ಕಿ ಡಬ್ಬ, ಎರಡು ಪ್ರೆಷರ್ ಕುಕ್ಕರ್ ಒಳಗೆ ಹೋಗುತ್ತಿದ್ದವು. ಎರಡು ಯಾಕೆ ಅಂತ ಕೇಳಬೇಡಿ. ಕಾರು ಹೊರಡುತ್ತಿತ್ತು. ಎರಡು ಮೂರು ದಿನಕ್ಕೆ ಅದೇ ಕಾರು, ಅದೇ ಮಂಕಿ ಕ್ಯಾಪುಗಳ ಜೊತೆ, ಬೆಟ್ಟದ ನೆರಳನ್ನೂ ನೋಡದೆ ಮನೆಗೆ ವಾಪಸ್ಸಾಗುತ್ತಿತ್ತು!

ಭಾವ ಎಂದರೆ ನನ್ನ ಅಕ್ಕನ ಯಜಮಾನರು. ಹ್ಯೂಸ್ಟನ್ನಿನ ಒಂದು ಎಣ್ಣೆ ಕಂಪನಿಯಲ್ಲಿ ಪೈಪುಗಳ ಯೋಗಕ್ಷೇಮ ನೋಡಿಕೊಳ್ಳುವ ಎಂಜಿನಿಯರು. ಅವರು ಹೊರಡುತ್ತಿದ್ದ ಬೆಟ್ಟ ಇರುವುದು ಅರಿಜೋನಾದಲ್ಲಿ, ಫ್ಲ್ಯಾಗ್‌ಸ್ಟಾಫ್ ಎಂಬ ಊರಿನ ಪಕ್ಕ. ಒಂದು ಕಾಲದಲ್ಲಿ ಬೆಂಕಿ ಉಗುಳಿ, ಸುತ್ತಲಿನ ನೆಲಕ್ಕೆಲ್ಲ ಕರಿ ಬೂದಿ ಬಳಿದು, ಈಗ ತಲೆಯ ಮೇಲೆ ಹಿಮ ಹೊದ್ದುಕೊಂಡು ರಿಟೈರಾದ ಹೆಡ್‌ಮಾಸ್ಟರರ ಹಾಗೆ ತಣ್ಣಗೆ ಕೂತಿರುವ ಜ್ವಾಲಾಮುಖಿ ಅದು. ವಸಂತ ಬಂದರೂ ಅದರ ನೆತ್ತಿಯ ಹಿಮ ಕರಗುವುದಿಲ್ಲ.

ಆದರೆ ಆ ಬೆಟ್ಟ ಬೇಕಾಗಿದ್ದದ್ದು ಭಾವನಿಗಲ್ಲ, ಅಕ್ಕನಿಗೆ. ಮೈಸೂರಿನ ನಮ್ಮ ಮನೆಯ ಮಹಡಿಯಿಂದ ನೋಡಿದರೆ ಎದುರಿಗೇ ಚಾಮುಂಡಿ ಬೆಟ್ಟ. ಅಕ್ಕ ನೀರಿನ ಟ್ಯಾಂಕಿಗೆ ಒರಗಿಕೊಂಡು ಓದುತ್ತಿದ್ದದ್ದು ಆ ಬೆಟ್ಟದ ಎದುರು, ಅಮ್ಮನ ಮೇಲೆ ಮುನಿಸಿಕೊಂಡು ಕೂರುತ್ತಿದ್ದದ್ದು ಆ ಬೆಟ್ಟದ ಎದುರು. ಇವತ್ತು ಬಟ್ಟೆ ಒಣಹಾಕಬೇಕೋ ಬೇಡವೋ ಎಂಬುದನ್ನೂ ಬೆಟ್ಟದ ಮೇಲಿನ ಮೋಡ ನೋಡಿಯೇ ಹೇಳುತ್ತಿದ್ದಳು. ಅಂಥವಳು ಮದುವೆಯಾಗಿ ಬಂದು ಬಿದ್ದದ್ದು ಹ್ಯೂಸ್ಟನ್ನಿಗೆ! ಅಲ್ಲಿನ ನೆಲವನ್ನು ನೀವು ನೋಡಬೇಕು. ದೋಸೆ ಹೆಂಚಿಗೂ ಅದಕ್ಕಿಂತ ಹೆಚ್ಚು ಏರುತಗ್ಗು ಇರುತ್ತದೆ. ಆ ಊರಲ್ಲಿ ಮೇಲೆ ಹತ್ತುವುದು ಅಂದರೆ ಫ್ಲೈಓವರ್ ಹತ್ತುವುದು, ಅಷ್ಟೇ. ಕಾರು ಫ್ಲೈಓವರಿನ ತುದಿಗೆ ಬಂದಾಗಲೆಲ್ಲ ಅಕ್ಕ, "ರೀ, ಸ್ವಲ್ಪ ನಿಧಾನಕ್ಕೆ ಹೋಗಿ, ಎತ್ತರ ಬಂದಿದೆ," ಎನ್ನುತ್ತಿದ್ದಳು. ಹಿಂದಿನ ಕಾರುಗಳು ಹಾರ್ನ್ ಹೊಡೆಯುತ್ತಿದ್ದವು.

ಒಂದು ದಿನ ಊರ ಹೊರಗೆ ಹಸಿರು ಹುಲ್ಲು ಹೊದ್ದ ಪುಟ್ಟ ಗುಡ್ಡವೊಂದು ಕಂಡಿತಂತೆ. ಅಕ್ಕ ಕಾರಿನಲ್ಲೇ ಕೈ ಮುಗಿದಳು. ಹಿಂದಿನ ಸೀಟಿನಲ್ಲಿದ್ದ ಮಗಳು, "ಅಮ್ಮಾ, ದಟ್ಸ್ ಎ ಲ್ಯಾಂಡ್‌ಫಿಲ್," ಎಂದಳು. ಊರಿನ ಕಸವನ್ನೆಲ್ಲ ಗುಡ್ಡೆ ಹಾಕಿ, ಮೇಲೆ ಮಣ್ಣು ಮುಚ್ಚಿ, ಹುಲ್ಲು ಬೆಳೆಸಿದ್ದರು! ಈ ಕಥೆ ಹೇಳಿಕೊಂಡು ನಾವೆಲ್ಲ ಎಷ್ಟೋ ಸಲ ನಕ್ಕಿದ್ದೇವೆ. ಅಕ್ಕನೂ ನಗುತ್ತಿದ್ದಳು. ನಕ್ಕಾದ ಮೇಲೆ ಒಂದು ಮಾತು ಹೇಳುತ್ತಿದ್ದಳು: "ಒಂದು ಸಲ ನಿಜವಾದ ಬೆಟ್ಟ ನೋಡಬೇಕು ಕಣೋ, ಅಷ್ಟೇ." ಭಾವ ಕೂಡಲೇ ಎದ್ದು ನಿಂತು, "ಈ ಮಾರ್ಚಿಗೆ ಹೊರಟೇಬಿಡೋಣ," ಎನ್ನುತ್ತಿದ್ದರು.

ಹಾಗಾದರೆ ತಡೆ ಏನು? ತಾಲೀಮು. ಭಾವ ಕಾಲೇಜು ದಿನಗಳಲ್ಲಿ ಹವ್ಯಾಸಿ ನಾಟಕ ತಂಡವೊಂದರ ನಿರ್ದೇಶಕರು. ಒಮ್ಮೆ ತಾಲೀಮು ಸಾಲದೆ ಹೋಗಿ, ತುಂಬಿದ ಸಭೆಯಲ್ಲಿ ಋಷಿಯ ಗಡ್ಡ ಕಳಚಿ ರಾಜಕುಮಾರಿಯ ಮಡಿಲಿಗೆ ಬಿತ್ತಂತೆ. ಅವತ್ತಿನಿಂದ ತಾಲೀಮಿಲ್ಲದೆ ಅವರು ಏನನ್ನೂ ಮಾಡಿದವರಲ್ಲ. ತಮ್ಮ ಮದುವೆಯ ಹಿಂದಿನ ದಿನ ಛತ್ರದ ಕೋಣೆಯಲ್ಲಿ ದಿಂಬೊಂದಕ್ಕೆ ಹಾರ ಹಾಕಿ ಅಭ್ಯಾಸ ಮಾಡುತ್ತಿದ್ದರು. ಕಣ್ಣಾರೆ ಕಂಡವನು ನಾನೇ. ದಿಂಬು ನಾಚಿಕೊಂಡಿತೇ ಎಂದು ನಮ್ಮ ಚಿಕ್ಕಮ್ಮ ಕೇಳಿದ್ದು ಇನ್ನೂ ನೆನಪಿದೆ.

ನಾನು ಓದಲೆಂದು ಆಸ್ಟಿನ್ನಿಗೆ ಬಂದ ಮೊದಲ ವರ್ಷವೇ ಈ ಬೆಟ್ಟದ ತಂಡಕ್ಕೆ ಸೇರ್ಪಡೆಯಾದೆ. ರಜೆಗೆ ಮುಂಚಿನ ವಾರಾಂತ್ಯದಲ್ಲಿ ಅಕ್ಕನ ಕೈಯಡುಗೆ ಉಂಡು ಬರೋಣವೆಂದು ಶುಗರ್ ಲ್ಯಾಂಡಿಗೆ ಹೋದರೆ, ಭಾವ ನನ್ನನ್ನು ಡ್ರೈವ್‌ವೇಯಲ್ಲಿ ನಿಲ್ಲಿಸಿ, "ನೀನು ಎಡಗಡೆಯಿಂದ ಪ್ರವೇಶ," ಎಂದರು. ಕಾರು ಹತ್ತುವ ತಾಲೀಮು! ಮೊದಲು ಅಕ್ಕ, ಆಮೇಲೆ ಊಟದ ಬುಟ್ಟಿ, ಆಮೇಲೆ ನಾನು, ಕೊನೆಗೆ ಅಕ್ಕನ ಮಗಳು. ಆಗ ಅವಳಿನ್ನೂ ಕಾಲು ನೆಲಕ್ಕೆ ಎಟುಕದ ಪುಟ್ಟ ಹುಡುಗಿ. ಹತ್ತುವುದು, ಬೆಲ್ಟ್ ಹಾಕುವುದು, ಇಳಿಯುವುದು. ಮತ್ತೆ ಹತ್ತುವುದು. ಎದುರು ಮನೆಯ ಮುದುಕರು ಹುಲ್ಲಿಗೆ ನೀರು ಬಿಡುತ್ತಾ ಇದನ್ನೆಲ್ಲ ಬಹಳ ಹೊತ್ತು ನೋಡಿ, "ಗೋಯಿಂಗ್ ಸಮ್‌ವೇರ್?" ಎಂದು ಕೇಳಿದರು. "ನೆಕ್ಸ್ಟ್ ವೀಕ್," ಎಂದರು ಭಾವ.

ಇನ್ನು ಚಳಿಯ ತಾಲೀಮು. ಹ್ಯೂಸ್ಟನ್ನಿನ ಸೆಕೆಯಲ್ಲಿ ಚಳಿಯನ್ನು ಎಲ್ಲಿಂದ ತರುವುದು? ಭಾವ ಅದಕ್ಕೂ ದಾರಿ ಹುಡುಕಿದ್ದರು. ದೊಡ್ಡ ಹೋಲ್‌ಸೇಲ್ ಅಂಗಡಿಯೊಂದರಲ್ಲಿ ಹಣ್ಣು ತರಕಾರಿ ಇಡುವ ತಣ್ಣನೆ ಕೋಣೆ ಇದೆಯಲ್ಲ, ಅಲ್ಲಿಗೆ ನಮ್ಮೆಲ್ಲರಿಗೂ ಜಾಕೆಟ್ಟು, ಕೈಗವಸು, ಮಂಕಿ ಕ್ಯಾಪು ತೊಡಿಸಿ ಕರೆದುಕೊಂಡು ಹೋದರು. ಕೂಸು ಹುಟ್ಟುವ ಮೊದಲೇ ಕುಲಾವಿ ಎನ್ನುತ್ತಾರಲ್ಲ, ಇಲ್ಲಿ ಬೆಟ್ಟ ಕಾಣುವ ಮೊದಲೇ ಕುಲಾವಿ. ಅಣಬೆ ಡಬ್ಬಿಗಳ ಪಕ್ಕ ಸಾಲಾಗಿ ನಿಂತೆವು. "ಮೂಗಿನಲ್ಲಿ ಉಸಿರಾಡಿ, ಬಾಯಿ ಮುಚ್ಚಿ," ಎಂದು ಭಾವ ನಿರ್ದೇಶನ ಕೊಡುತ್ತಿದ್ದರು. ಅಕ್ಕನ ಮಗಳು, "ಡ್ಯಾಡ್, ಪೀಪಲ್ ಆರ್ ಸ್ಟೇರಿಂಗ್," ಎಂದು ಕೋಸುಗಳ ಹಿಂದೆ ಅವಿತುಕೊಂಡಳು. ಅಂಗಡಿಯ ಕೆಲಸದವನೊಬ್ಬ ಗಾಬರಿಯಿಂದ ಹತ್ತಿರ ಬಂದು ಏನಾಯಿತೆಂದು ವಿಚಾರಿಸಿದ. ಭಾವ ಗಂಭೀರವಾಗಿ, ನಾವು ಜ್ವಾಲಾಮುಖಿ ನೋಡಲು ಹೊರಟಿದ್ದೇವೆ ಎಂದರು. ಅವನು ನಮ್ಮ ಟೋಪಿಗಳನ್ನು ಒಂದೊಂದಾಗಿ ನೋಡಿ, ಅಲ್ಲಿ ಇಷ್ಟೆಲ್ಲ ಬಟ್ಟೆ ಬೇಕಾಗಲಾರದು ಸರ್ ಎಂದು ವಿನಯದಿಂದ ಹೇಳಿ ಹೋದ! ಅಕ್ಕ ಮಾತ್ರ ಏನೂ ಆಗದವಳಂತೆ ಎರಡು ಚೀಲ ಪಾಲಕ್ ಸೊಪ್ಪು ತೆಗೆದುಕೊಂಡು ಆಚೆ ಬಂದಳು.

ಚಪಾತಿಗೂ ಪರೀಕ್ಷೆ ಇತ್ತು. ದಾರಿಯಲ್ಲಿ ಮೂರನೇ ದಿನ ಚಪಾತಿ ಹೇಗಿರುತ್ತದೆಂದು ತಿಳಿಯಲು ಭಾವ ಅದನ್ನು ಗ್ಯಾರೇಜಿನಲ್ಲಿ ಮೂರು ದಿನ ಇಟ್ಟರು. ಚಪಾತಿ ಪಾಸಾಯಿತು. ತಿಂದವನು ಫೇಲಾಗಿ, ಆ ವಾರದ ಕ್ಲಾಸುಗಳನ್ನೆಲ್ಲ ತಪ್ಪಿಸಿಕೊಂಡ. ತಿಂದವನು ಯಾರೆಂದು ಬಿಡಿಸಿ ಹೇಳಬೇಕೇ?

ಇಷ್ಟೆಲ್ಲ ಆದ ಮೇಲೆ ನಿಜವಾಗಿಯೂ ಹೊರಡುತ್ತಿದ್ದೆವು. ಮೊದಲ ದಿನದ ತಂಗುದಾಣ ಡಾಲಸ್ ಹತ್ತಿರದ ಯೂಲೆಸ್. ಅಲ್ಲಿ ಭಾವನ ಗೆಳೆಯರೊಬ್ಬರಿದ್ದಾರೆ, ಧಾರವಾಡದ ಕಡೆಯವರು. ಅವರ ಮನೆಯ ಮೇಲೆ ವಿಮಾನಗಳು ಎಷ್ಟು ತಗ್ಗಿನಲ್ಲಿ ಹಾರುತ್ತವೆಂದರೆ, ಮಾತಾಡುತ್ತಿರುವವರು ನಡುನಡುವೆ ಬಾಯಿ ತೆರೆದುಕೊಂಡೇ ಕಾದು, ವಿಮಾನ ಹೋದ ಮೇಲೆ ಮಾತು ಮುಗಿಸುತ್ತಾರೆ. ಅವರ ಮನೆಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ ಉಂಡು ಮಲಗುವುದು. ಬೆಳಿಗ್ಗೆ ಎದ್ದ ಕೂಡಲೇ ಭಾವ ಫೋನಿನಲ್ಲಿ ಹವಾಮಾನ ನೋಡಿ ಮುಖ ಸಪ್ಪಗೆ ಮಾಡಿಕೊಳ್ಳುವುದು. ಒಂದು ವರ್ಷ ಮುಂದಿನ ದಾರಿಯಲ್ಲಿ ಸಿಗುವ ಅಮರಿಲ್ಲೋದಲ್ಲಿ ಗಾಳಿ. ಇನ್ನೊಂದು ವರ್ಷ ಅಲ್ಬುಕರ್ಕಿಯಲ್ಲಿ ಧೂಳು. ಮತ್ತೊಂದು ವರ್ಷ ಎಲ್ಲಿಯೂ ಏನೂ ಇರಲಿಲ್ಲ. ಎಲ್ಲಿಯೂ ಏನೂ ಇಲ್ಲದಿರುವುದೇ ಅನುಮಾನಕ್ಕೆ ಎಡೆಕೊಡುತ್ತದೆ ಎಂದರು!

"ದೂರದ ಬೆಟ್ಟ ನುಣ್ಣಗೆ ಕಣಯ್ಯ," ಎಂದು ನನಗೆ ಸಮಾಧಾನ ಹೇಳುತ್ತಿದ್ದರು, ನಾನು ಕೇಳದಿದ್ದರೂ. "ಈ ಸಲದ್ದು ಗ್ರ್ಯಾಂಡ್ ತಾಲೀಮು ಅಂದ್ಕೋ. ಮುಂದಿನ ವರ್ಷ ನಿಜವಾದ ಪ್ರದರ್ಶನ."

ಧಾರವಾಡದ ಗೆಳೆಯರು ಬಿಡುತ್ತಾರೆಯೇ? "ಹಿಮದ ಬೆಟ್ಟ ಅಂದ್ರ ನಮ್ಮ ಮನಿನ ಆಗೇತಿ ನೋಡ್ರಿ ನಿಮಗ. ಇಲ್ಲಿತನಕ ಬರೋದು, ರೊಟ್ಟಿ ತಿನ್ನೋದು, ಹೊಳ್ಳಿ ಹೋಗೋದು," ಎನ್ನುತ್ತಿದ್ದರು.

ಹಿಂದಿರುಗುವಾಗ ಹೆದ್ದಾರಿಯ ಬದಿಯಲ್ಲಿ ಆಗಷ್ಟೇ ಅರಳತೊಡಗಿದ ಬ್ಲೂಬಾನೆಟ್ ಹೂಗಳ ನಡುವೆ ಅಕ್ಕನ ಮಗಳನ್ನು ಕೂರಿಸಿ ಫೋಟೋ ತೆಗೆಯುತ್ತಿದ್ದೆವು. ಈಗ ಆ ಫೋಟೋಗಳನ್ನು ನೋಡಿದರೆ ನನಗೆ ಏನೋ ಆಗುತ್ತದೆ. ಒಂದರಲ್ಲಿ ಹುಡುಗಿ ಹೂವಿಗಿಂತ ಒಂದಿಷ್ಟೇ ಎತ್ತರ. ಇನ್ನೊಂದರಲ್ಲಿ ಮುಂದಿನ ಹಲ್ಲಿಲ್ಲ. ಮತ್ತೊಂದರಲ್ಲಿ ಹದಿಹರೆಯದ ಸಿಡುಕು, ಮುಖಕ್ಕೆ ಅಡ್ಡವಾಗಿ ಕೂದಲು. ಎಲ್ಲ ಫೋಟೋದಲ್ಲೂ ಅಕ್ಕ ನಗುತ್ತಲೇ ಇದ್ದಾಳೆ. ಪ್ರತಿ ವರ್ಷವೂ ಬೆಟ್ಟ ಕೈತಪ್ಪಿದವಳ ನಗು ಅದು ಎಂದು ಯಾರಿಗೂ ಅನ್ನಿಸುವುದಿಲ್ಲ. ಆ ದಿನಗಳಲ್ಲಿ ನನಗೂ ಅನ್ನಿಸಿರಲಿಲ್ಲ.

ಈ ವರ್ಷದ ಮಾತೇ ಬೇರೆಯಾಗಿತ್ತು. ಆ ಹುಡುಗಿ ಬೇಸಿಗೆ ಮುಗಿದರೆ ಕಾಲೇಜಿಗೆಂದು ದೂರದ ಊರಿಗೆ ಹೊರಡುವವಳು. ಅಕ್ಕ ಫೋನಿನಲ್ಲಿ, "ಎಲ್ಲರೂ ಒಂದೇ ಕಾರಲ್ಲಿ ಕೂರೋದು ಇದೇ ಕೊನೆ ಸ್ಪ್ರಿಂಗ್ ಬ್ರೇಕು ಕಣೋ. ಈ ಸಲ ಆಗಲಿಲ್ಲ ಅಂದ್ರೆ ನಾನಿನ್ನು ಬೆಟ್ಟ ಗಿಟ್ಟ ಅಂತ ಕೇಳಲ್ಲ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಯೂಲೆಸ್ ತನಕ ಎಲ್ಲ ಎಂದಿನಂತೆ ನಡೆಯಿತು. ಬೆಳಿಗ್ಗೆ ಭಾವ ಫೋನ್ ಹಿಡಿದು ಆಚೆ ಬಂದರು. ಮುಖ ಸಪ್ಪಗಿತ್ತು. "ಅಮರಿಲ್ಲೋ ಕಡೆ..." ಎಂದು ಶುರು ಮಾಡಿದರು. ಅಷ್ಟರಲ್ಲಿ ತಲೆಯ ಮೇಲೆ ವಿಮಾನ ಬಂತು, ಭಾವ ಬಾಯಿ ತೆರೆದು ಕಾಯಬೇಕಾಯಿತು. ವಿಮಾನ ಹೋಗುವಷ್ಟರಲ್ಲಿ ಅಕ್ಕನ ಮಗಳು ಡ್ರೈವರ್ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡಾಗಿತ್ತು. "ಡ್ಯಾಡ್, ಆಯಾಮ್ ಡ್ರೈವಿಂಗ್. ಗೆಟ್ ಇನ್ ದ ಬ್ಯಾಕ್."

ಭಾವ ಗೆಳೆಯರ ಕಡೆ ತಿರುಗಿದರು. ಅವರು ಬಾಗಿಲಿಗೆ ಅಡ್ಡ ನಿಂತು, "ಇವತ್ತ ನಮ್ಮ ಮನ್ಯಾಗ ಒಲಿ ಹಚ್ಚಂಗಿಲ್ರಿ. ಊಟ ಬೇಕಂದ್ರ ಬೆಟ್ಟ ನೋಡ್ಕೊಂಡ ಬರ್ರಿ," ಎಂದರು. ಹೀಗೆ ಜೀವಮಾನದಲ್ಲಿ ಮೊದಲ ಸಲ ನಮ್ಮ ಭಾವ ತಾವು ತಾಲೀಮು ಮಾಡಿರದ ಸೀಟಿನಲ್ಲಿ ಕೂತರು.

ಅಮರಿಲ್ಲೋದಲ್ಲಿ ನಿಜವಾಗಿಯೂ ಗಾಳಿ ಇತ್ತು. ಏನೂ ಆಗಲಿಲ್ಲ. ಆ ರಾತ್ರಿ ಅಲ್ಬುಕರ್ಕಿಯ ಹೋಟೆಲಿನಲ್ಲಿ ಉಳಿದೆವು. ಮಾರನೆಯ ಬೆಳಿಗ್ಗೆ ಗ್ಯಾಸ್ ಸ್ಟೇಷನ್ನಿನಲ್ಲಿ ಅಕ್ಕ, ಮಗಳು ಕಾಫಿ ತರಲು ಒಳಗೆ ಹೋದಾಗ, ಭಾವ ಪಂಪಿನ ಪಕ್ಕ ನಿಂತು, ನನ್ನ ಮುಖ ನೋಡದೆ ಮಾತಾಡಿದರು.

"ಬಂದ ಹೊಸದರಲ್ಲಿ ನಿಮ್ಮಕ್ಕ ದಿನಾ ಕೇಳ್ತಿದ್ದಳು ಕಣಯ್ಯ, ವಾಪಸ್ ಊರಿಗೆ ಹೋಗೋಣ ಅಂತ. ನಾನು ಏನೋ ಒಂದು ನೆಪ ಹೇಳ್ತಿದ್ದೆ. ಆಮೇಲೆ ಒಂದಿನ ಕೇಳೋದು ನಿಲ್ಲಿಸಿಬಿಟ್ಟಳು. ಯಾಕೆ ಅಂತ ನಾನೂ ಕೇಳಲಿಲ್ಲ."

"ಅದಕ್ಕೂ ಬೆಟ್ಟಕ್ಕೂ ಏನು ಸಂಬಂಧ, ಭಾವ?"

"ನಿಜವಾದ ಬೆಟ್ಟ ಎದುರಿಗೆ ಬಂದ್ರೆ ಚಾಮುಂಡಿ ಬೆಟ್ಟ ನೆನಪಾಗಿ ಮತ್ತೆ ಕೇಳ್ತಾಳೆ. ಮಗಳೂ ಹೊರಟಳು, ಇನ್ನೇನು ನೆಪ ಇದೆ ನನ್ನ ಹತ್ರ? ಕೇಳಿದ್ರೆ ಹೇಳೋಕೆ ಉತ್ತರ ಇಲ್ಲಯ್ಯ. ನನ್ನ ಬಿಟ್ಟು ಹೊರಟೇಬಿಟ್ರೆ ಅಂತ ಹೆದರಿಕೆ ನನಗೆ."

ಇಷ್ಟು ವರ್ಷ ನಾನು ನಕ್ಕದ್ದೆಲ್ಲ ಈ ಮನುಷ್ಯನ ಹೆದರಿಕೆಯನ್ನು ನೋಡಿ ಎಂದು ಆಗ ಗೊತ್ತಾಯಿತು.

ಅರಿಜೋನಾದ ಬಯಲಿನಲ್ಲಿ ಬಹಳ ಹೊತ್ತು ಏನೂ ಕಾಣಲಿಲ್ಲ. ಆಮೇಲೆ ರಸ್ತೆಯ ತುದಿಯಲ್ಲಿ ಬೆಳ್ಳಗೆ ಏನೋ ಎದ್ದಿತು. ಮೊದಲು ಮೋಡ ಅಂದುಕೊಂಡೆವು. ಹತ್ತಿರವಾದರೂ ಮೋಡ ಅಲ್ಲಾಡಲಿಲ್ಲ. ಅಕ್ಕನ ಮಗಳು ಹೆದ್ದಾರಿ ಬಿಟ್ಟು, ಪಕ್ಕದ ಸಣ್ಣ ರಸ್ತೆಯಲ್ಲಿ ಕಾರು ನಿಲ್ಲಿಸಿದಳು. ಅಕ್ಕ ಇಳಿದಳು. ಚಳಿಗಾಳಿಗೆ ಶಾಲು ಹಾರಾಡುತ್ತಿತ್ತು. ಬೆಟ್ಟ ಅಷ್ಟಗಲಕ್ಕೆ, ನೆತ್ತಿಯಿಂದ ಹೆಗಲತನಕ ಹಿಮ ಹೊದ್ದು, ಏನೂ ಅವಸರವಿಲ್ಲದೆ ಕೂತಿತ್ತು. ಭಾವ ಕಾರಿನಿಂದ ಇಳಿಯಲೇ ಇಲ್ಲ.

ನಾನು ಅಕ್ಕನ ಪಕ್ಕ ಹೋಗಿ ನಿಂತು, ಮೆಲ್ಲಗೆ, "ಅಕ್ಕ, ಭಾವ ಹೆದರಿಕೊಂಡಿದ್ದಾರೆ," ಎಂದೆ.

"ಗೊತ್ತು ಕಣೋ," ಎಂದಳು ಬೆಟ್ಟದಿಂದ ಕಣ್ಣು ತೆಗೆಯದೆ. "ಮೊದಲಿಂದಲೂ ಗೊತ್ತು. ಹೆದರಿದವರನ್ನ ಅವಸರ ಮಾಡಬಾರದು ಅಂತ ಸುಮ್ಮನಿದ್ದೆ."

"ಊರಿಗೆ ಹೋಗಬೇಕು ಅನ್ನಿಸ್ತಿದೆಯಾ?"

"ದಿನಾ ಅನ್ನಿಸುತ್ತೆ. ಅದಕ್ಕೆ ಬೆಟ್ಟ ಯಾಕೆ ಬೇಕು?"

ಹೀಗೆಂದವಳೇ ಕಾರಿನ ಹತ್ತಿರ ಹೋಗಿ, ಹಿಂದಿನ ಬಾಗಿಲು ತೆಗೆದು, "ಬನ್ರೀ, ನೀವೂ ನೋಡಿ," ಎಂದಳು. ಭಾವ ಇಳಿದರು. ಇಬ್ಬರೂ ಅಕ್ಕಪಕ್ಕ ನಿಂತರು. ಭಾವ, ಇಷ್ಟು ವರ್ಷ ಬಾಯಿಗೆ ಬಾರದಿದ್ದ ಮಾತನ್ನು ತಾವೇ ಕೇಳಿದರು.

"ಊರಿಗೆ ವಾಪಸ್ ಹೋಗ್ಬಿಡೋಣ ಅನ್ನಿಸುತ್ತೇನೇ ನಿನಗೆ?"

"ಅನ್ನಿಸುತ್ತೆ," ಎಂದಳು ಅಕ್ಕ. "ಆದ್ರೆ ನಿಮ್ಮನ್ನ ಬಿಟ್ಟು ಹೋಗಬೇಕು ಅಂತ ಒಂದಿನವೂ ಅನ್ನಿಸಿಲ್ಲ."

ಭಾವ ಅತ್ತರು. ಚೆನ್ನಾಗೇನೂ ಅಳಲಿಲ್ಲ, ಮೂಗು ಸೋರಿತು, ಯಾವ ಜೇಬು ತಡಕಾಡಿದರೂ ಕರ್ಚೀಫ್ ಸಿಗಲಿಲ್ಲ. ಅಕ್ಕ ತನ್ನ ಶಾಲಿನ ತುದಿ ಅವರ ಕೈಗೆ ಕೊಟ್ಟಳು. ನಾನೂ ಅಕ್ಕನ ಮಗಳೂ ಅವರ ಕಡೆ ತಿರುಗದೆ, ಬೆಟ್ಟವನ್ನೇ ನೋಡುತ್ತಾ ನಿಂತೆವು.