ತೀರ್ಮಾನ ಮಾಡದ ಮನುಷ್ಯ

ಮತದಾನದ ದಿನ ಬೆಳಗ್ಗೆ ಗಡ್ಡಕ್ಕೆ ನೊರೆ ಹಚ್ಚಿಕೊಂಡು ನಿಂತವನು ಹೋಗಿ ಫೋನು ಎತ್ತಿದ್ದೇ ನಾರ್ಬರ್ಟ್ ವೆಂಜೆಲ್ ಮಾಡಿದ ತಪ್ಪು. ಅತ್ತ ಕಡೆ ಊರಿನ ರೇಡಿಯೋದ ಹುಡುಗಿ. ದೇಶ ಎಡಕ್ಕೆ ವಾಲುತ್ತಿದೆಯೋ ಬಲಕ್ಕೋ, ನಿಮ್ಮ ಓಟು ಯಾವ ಕಡೆಗೆ, ಹೇಳಿ, ಇಡೀ ಊರು ಕೇಳುತ್ತಿದೆ ಎಂದು ಒಂದೇ ಉಸಿರಿಗೆ ಅಂದಳು.

ಈ ಪ್ರಶ್ನೆಗೆ ನಾರ್ಬರ್ಟನ ಹತ್ತಿರ ಒಂದಲ್ಲ, ಎರಡು ಉತ್ತರಗಳಿದ್ದವು. ಹೆಂಡತಿ ಲೊರೇನ್ ಎಡದವಳು. ಮದುವೆಯಾದಾಗಿನಿಂದ ಅವಳಿಗೆ ‘ನಾನೂ ಎಡಕ್ಕೇ ಹಾಕಿದೆ’ ಎನ್ನುತ್ತಾ ಬಂದಿದ್ದ. ಅವನು ಕೆಲಸ ಮಾಡುವ ಟೈರ್ ಅಂಗಡಿಯ ಯಜಮಾನ ಗೋರ್ಡಿ ಹಾಲ್ವರ್ಸನ್ ಕಟ್ಟಾ ಬಲದವನು. ಅವನಿಗೆ ‘ನಾನೂ ಬಲಕ್ಕೇ’. ಇಷ್ಟು ವರ್ಷ ಹೀಗೇ ಸುಸೂತ್ರವಾಗಿ ನಡೆದಿತ್ತು. ಆದರೆ ಈ ಸಲದ ಚುನಾವಣೆಯ ಕಾವು ಬೇರೆ. ಗೋರ್ಡಿಗೆ ಕಾಡಿನೊಳಗೊಂದು ಮರದ ಮನೆಯಿತ್ತು. ಪ್ರತಿ ನವೆಂಬರಿನಲ್ಲೂ ಅಲ್ಲಿಗೆ ಜಿಂಕೆ ಬೇಟೆಗೆ ಹೋಗುವುದೊಂದೇ ನಾರ್ಬರ್ಟನ ಬದುಕಿನ ಸುಖ. ಎಡದ ಒಬ್ಬನೇ ಒಬ್ಬ ಆ ಹೊಸಿಲು ತುಳಿಯಕೂಡದು ಎಂದು ಗೋರ್ಡಿ ಈ ಸಲ ಸಾರಿಬಿಟ್ಟಿದ್ದ. ಲೊರೇನ್ ಅಷ್ಟೆಲ್ಲ ಸಾರಲಿಲ್ಲ. ಬಲಕ್ಕೆ ಹಾಕಿದವನಿಗೆ ತನ್ನ ಮಂಚದಲ್ಲಿ ಜಾಗವಿಲ್ಲ ಎಂದಷ್ಟೇ ಹೇಳಿದ್ದಳು.

ಈಗ ನೋಡಿದರೆ ಲೊರೇನ್ ಕಾಫಿ ಜಗ್ ಹಿಡಿದು ಎದುರಿಗೇ ನಿಂತಿದ್ದಾಳೆ. ಅತ್ತ ಅಂಗಡಿಯಲ್ಲಿ ಗೋರ್ಡಿ ಇದೇ ರೇಡಿಯೋ ಹಾಕಿಕೊಂಡು ಕೂತಿರುತ್ತಾನೆ.

“ನಾನಿನ್ನೂ ತೀರ್ಮಾನ ಮಾಡಿಲ್ಲ,” ಅಂದ.

ಆ ಹುಡುಗಿ ಚರ್ಚಿನಲ್ಲಿ ಮಾತಾಡುವವಳ ಹಾಗೆ ದನಿ ತಗ್ಗಿಸಿ, “ನಿಜವಾಗಲೂ? ಇವತ್ತಿಗೂ?” ಎಂದು ಕೇಳಿದಳು.

ಅವಳ ಬೆರಗಿಗೆ ಕಾರಣವಿತ್ತು. ವಿಸ್ಕಾನ್ಸಿನ್‌ನ ನಮ್ಮ ಆಲ್ಡರ್ ಬೆಂಡ್ ಊರಿನಲ್ಲಿ ತೊಟ್ಟಿಲ ಕೂಸುಗಳನ್ನು ಬಿಟ್ಟರೆ ಉಳಿದವರೆಲ್ಲ ವರ್ಷದ ಹಿಂದೆಯೇ ತೀರ್ಮಾನ ಮಾಡಿ ಮುಗಿಸಿದ್ದರು. ಅರ್ಧ ಊರು ಉಳಿದರ್ಧದ ಮುಖ ನೋಡುತ್ತಿರಲಿಲ್ಲ. ಅಂಥ ಊರಲ್ಲಿ ಇನ್ನೂ ಯೋಚನೆ ಮಾಡುತ್ತಿರುವ ಒಂದು ಜೀವ ಉಳಿದಿದೆ ಎಂದರೆ ಸಾಮಾನ್ಯವೇ?

ಫೋನಿಟ್ಟು ತಿರುಗಿದರೆ ಲೊರೇನ್ ಕುರ್ಚಿ ಎಳೆದುಕೊಂಡು ಕೂತಿದ್ದಳು. ಸಿಟ್ಟು ಬಂದಿರಲಿಲ್ಲ, ಅದೇ ಭಯದ ವಿಷಯ. ಸಕ್ಕರೆ ಕಾಯಿಲೆಯ ತನ್ನ ತಂಗಿ ಔಷಧಿಗೆ ದುಡ್ಡು ಸಾಲದೆ ಗುಳಿಗೆಯನ್ನು ಅರ್ಧ ಅರ್ಧ ಮುರಿದು ನುಂಗುವುದನ್ನು ಹೇಳಿದಳು. ಎಡದವರು ಬಂದರೆ ಅದು ತಪ್ಪುತ್ತದೆ ಎಂದಳು. ನಾರ್ಬರ್ಟನಿಗೂ ಅದು ಹೌದೆನ್ನಿಸಿತು. ಆದರೆ ತೀರ್ಮಾನವಾಗಿಲ್ಲ ಎಂದು ಊರಿಗೇ ಹೇಳಿಯಾಗಿದೆ, ಈಗ ಹೂಂ ಅನ್ನುವಂತಿಲ್ಲ. ಏನಾದರೊಂದು ಹೇಳಬೇಕಲ್ಲ ಎಂದು ಗೋರ್ಡಿಯ ಮಾತನ್ನೇ ತೆಗೆದ.

“ಅದೇನೋ ಸರಿ ಲೊರೇನ್. ಆದ್ರೆ ಗೋರ್ಡಿ ತೆರಿಗೆ ಕಟ್ಟಿ ಕಟ್ಟಿ ಇಬ್ಬರು ಕೆಲಸಗಾರರನ್ನ ಬಿಡಿಸಿಬಿಟ್ಟ. ಅವರನ್ನ ಕಳಿಸಿದ ದಿನ ಟೈರು ರಾಶಿ ಹಿಂದೆ ನಿಂತ್ಕೊಂಡು ಅತ್ತ. ನಾನೇ ನೋಡ್ದೆ.”

ಲೊರೇನ್ ಎದ್ದು ಪಾತ್ರೆ ತೊಳೆಯಲು ಹೋದಳು. ಕೆಟ್ಟೆ ಅಂದುಕೊಂಡ ನಾರ್ಬರ್ಟ್.

ಅಂಗಡಿಯಲ್ಲೂ ಅದೇ ಕತೆ. ಯಾವತ್ತೂ ‘ಲೋ ನಾರ್ಬ್’ ಎಂದು ಕೂಗುವ ಗೋರ್ಡಿ ಅವತ್ತು ತಾನೇ ಕಾಫಿ ಬಗ್ಗಿಸಿ ಕೊಟ್ಟ. ತನ್ನ ತೆರಿಗೆಯ ಗೋಳನ್ನೆಲ್ಲ ಅವನು ಹೇಳಿ ಮುಗಿಸಿದ ಮೇಲೆ ನಾರ್ಬರ್ಟ್ ಅತ್ತಿತ್ತ ನೋಡಿ, ಲೊರೇನಳ ತಂಗಿ ಮುರಿದು ನುಂಗುವ ಗುಳಿಗೆಯ ವಿಷಯ ಹೇಳಿದ. ಗೋರ್ಡಿ ಕೈಯಲ್ಲಿದ್ದ ಸ್ಪ್ಯಾನರನ್ನು ಮೆಲ್ಲಗೆ ಕೆಳಗಿಟ್ಟು, “ಅರ್ಧಾನಾ?” ಅಂದ.

ಮಧ್ಯಾಹ್ನದ ಹೊತ್ತಿಗೆ ಅಂಗಡಿಯ ಮುಂದೆ ಜನ ಸೇರಿದ್ದರು. ಮಿಲ್ವಾಕಿ ನಗರದಿಂದ ಟಿವಿಯವರ ವ್ಯಾನು ಬಂದಿತ್ತು. ಹಿಮ ಯಾರ ಅಂಗಳಕ್ಕೆ ತಳ್ಳಬೇಕೆಂಬ ಜಗಳದಲ್ಲಿ ಮಾತು ಬಿಟ್ಟಿದ್ದ ಪಕ್ಕದ ಮನೆಯ ಡಾರ್ಲಾ ಕ್ವಿಂಬಿ ಕೂಡ ಬಂದು, ಜಾತ್ರೆಯಲ್ಲಿ ಎರಡು ತಲೆಯ ಕರು ನೋಡುವ ಹಾಗೆ ಅವನನ್ನು ಸುತ್ತು ಹಾಕಿ ನೋಡಿದಳು. ಗಂಡಸರು ಟೋಪಿ ತೆಗೆದರು. ಪಾದ್ರಿಗಳು ಅವನ ಭುಜದ ಮೇಲೆ ಕೈಯಿಟ್ಟು, “ಒಳಗೆ ಏನನ್ನಿಸುತ್ತೆ ನಾರ್ಬರ್ಟ್?” ಎಂದು ಪಿಸುಗುಟ್ಟಿದರು. ಹಸಿವು ಅನ್ನಿಸುತ್ತೆ ಎಂದ ನಾರ್ಬರ್ಟ್. ಎಂಥ ನಿರ್ಲಿಪ್ತ ಮನುಷ್ಯ ಎಂದು ಎಲ್ಲರೂ ತಲೆದೂಗಿದರು.

ಒಬ್ಬೊಬ್ಬರಾಗಿ ಬಂದು ತಮ್ಮ ಪಕ್ಷದ ಪರವಾಗಿ ಹೇಳಿಕೊಂಡರು. ಎಡದವರು ಹೇಳಿದ್ದಕ್ಕೆ ಉತ್ತರವಾಗಿ ಅದಕ್ಕೂ ಮುಂಚೆ ಬಂದಿದ್ದ ಬಲದವನ ಮಾತನ್ನು, ಬಲದವರು ಹೇಳಿದ್ದಕ್ಕೆ ಮುಂಚೆ ಬಂದಿದ್ದ ಎಡದವಳ ಮಾತನ್ನು ನಾರ್ಬರ್ಟ್ ಒಪ್ಪಿಸುತ್ತಾ ಹೋದ. ಬೇರೇನು ಮಾಡಿಯಾನು ಪಾಪ, ಸ್ವಂತದ್ದೊಂದು ಅಭಿಪ್ರಾಯವಿದ್ದರೆ ತಾನೇ? ವಿಚಿತ್ರವೆಂದರೆ ಯಾರೂ ಜಗಳವಾಡಲಿಲ್ಲ. ಅದೇ ಮಾತನ್ನು ಎದುರು ಪಕ್ಷದವನು ಹೇಳಿದ್ದರೆ ಹೊಡೆದಾಟವಾಗುತ್ತಿತ್ತು. ಇವನು ಹೇಳಿದಾಗ ಸುಮ್ಮನೆ ಕೇಳಿಸಿಕೊಂಡು, ನೆಲ ನೋಡುತ್ತಾ ಹೊರಟುಹೋದರು.

ಸಂಜೆ ಐದಕ್ಕೆ ನಾರ್ಬರ್ಟ್ ಓಟು ಹಾಕಲು ಮತಗಟ್ಟೆಯಾಗಿದ್ದ ಅಗ್ನಿಶಾಮಕ ಠಾಣೆಗೆ ಹೋದಾಗ ಸಾಲು ತಾನಾಗಿ ಸರಿದು ದಾರಿ ಬಿಟ್ಟಿತು. ಚರ್ಚಿನ ಹೆಂಗಸರು ಅವನಿಗೆ ಸೇಬಿನ ಪೈ ಪುಕ್ಕಟೆ ಕೊಟ್ಟು, ತಿನ್ನುವುದನ್ನೇ ನೋಡುತ್ತಾ ನಿಂತರು. ಪರದೆಯ ಹಿಂದೆ ಮತಪತ್ರದ ಮುಂದೆ ನಿಂತಾಗ ಅವನಿಗೆ ಮೊದಲ ಬಾರಿಗೆ ಮೈ ಜುಮ್ಮೆಂದಿತು. ಇಷ್ಟು ದೊಡ್ಡ ದೇಶ, ಇಷ್ಟು ಚಿಕ್ಕ ಪೆನ್ನು. ಗುಳಿಗೆ ಮುರಿಯುವ ಕೈಗಳು, ಟೈರುಗಳ ಹಿಂದೆ ನಿಂತು ಅತ್ತ ಗಂಡಸು, ಎಲ್ಲರೂ ಆ ಕಾಗದದಲ್ಲೇ ಇದ್ದಾರೆ ಅನ್ನಿಸಿ ಕಣ್ಣು ತುಂಬಿ ಬಂತು. ಕೊನೆಗೆ ಅವನು ಯಾವ ಕಡೆಗೆ ಗುರುತು ಹಾಕಿದನೋ, ನಮಗ್ಯಾರಿಗೂ ಇವತ್ತಿನವರೆಗೆ ಗೊತ್ತಿಲ್ಲ.

ಆದರೆ ಹೊರಗೆ ಬಂದದ್ದೇ ತಡ, ಹಳೇ ನಾರ್ಬರ್ಟನೇ ಆದ. ಬಾಗಿಲಲ್ಲಿ ಗೋರ್ಡಿ ಕಾದಿದ್ದ. ನಾರ್ಬರ್ಟ್ ಅವನ ಕಿವಿಯಲ್ಲಿ, “ನಿನ್ನ ಕಡೆಗೇ ಕಣೋ, ಬಲಕ್ಕೆ,” ಅಂದ. ಗೋರ್ಡಿ ಅವನನ್ನು ದುರುಗುಟ್ಟಿ ನೋಡಿ, ಒಂದು ಮಾತೂ ಆಡದೆ ಟ್ರಕ್ಕು ಹತ್ತಿ ಹೊರಟುಹೋದ. ಖುಷಿ ಜಾಸ್ತಿಯಾಗಿ ಬಾಯಿ ಕಟ್ಟಿರಬೇಕು ಎಂದುಕೊಂಡು ನಾರ್ಬರ್ಟ್ ಮನೆಗೆ ಬಂದ. ಲೊರೇನಳಿಗೆ, “ನಿನ್ನ ಕಡೆಗೇ, ಎಡಕ್ಕೆ,” ಅಂದ.

ಲೊರೇನ್ ಬಡಿಸುತ್ತಿದ್ದ ಸೌಟು ಹಾಗೇ ನಿಂತಿತು.

“ಎಡಕ್ಕಾ? ಆ ಇಬ್ಬರು ಕೆಲಸಗಾರರ ಕತೆ ಹೇಳಿ ನನ್ನ ಹೊಟ್ಟೆ ಉರಿಸಿ, ನೀನು ಎಡಕ್ಕೆ ಹಾಕಿ ಬಂದ್ಯಾ? ನನ್ನ ಜನ್ಮದಲ್ಲಿ ಮೊದಲ್ನೇ ಸಲ ಬಲಕ್ಕೆ ಹಾಕಿದೀನಿ ನಾರ್ಬ್, ನಿನ್ನ ಮಾತು ಕೇಳಿ.”

ನಾರ್ಬರ್ಟ್ ಬಾಯಿ ತೆರೆಯುವಷ್ಟರಲ್ಲಿ ಫೋನು ಬಡಿದುಕೊಂಡಿತು. ಗೋರ್ಡಿ.

“ಗುಳಿಗೆ ಅರ್ಧ ಮಾಡಿ ನುಂಗ್ತಾಳೆ ಅಂತ ನೀನೇ ಹೇಳಿದ್ದಲ್ವಾ? ಅದಕ್ಕೇ ನಾನು ಎಡಕ್ಕೆ ಹಾಕ್ದೆ. ನಮ್ಮಪ್ಪ ಗೋರಿಯಿಂದ ಎದ್ದು ಬರ್ತಾನೋ ಏನೋ ಅಂತ ಹೆದರ್ಕೊಂಡೇ ಹಾಕ್ದೆ. ಸ್ವಂತ ನಾದಿನಿ ಅನ್ನೋ ಕರುಣೆ ಇಲ್ಲದೆ ಬಲಕ್ಕೆ ಹಾಕಿದ ಕಲ್ಲೆದೆಯವನಿಗೆ ನನ್ನ ಕಾಡಿನ ಮನೇಲಿ ಜಾಗ ಇಲ್ಲ. ಶನಿವಾರ ಬೇಟೆಗೆ ಬರ್ಬೇಡ.”

ಕಿಟಕಿಯಾಚೆ ಬೀದಿಯಲ್ಲಿ ಏನೋ ಓಡಾಟ. ಡಾರ್ಲಾ ತನ್ನ ಅಂಗಳದಲ್ಲಿ ನೆಟ್ಟಿದ್ದ ಪಕ್ಷದ ಫಲಕವನ್ನು ಕಿತ್ತು ಎದುರು ಮನೆಯವನಿಗೆ ಕೊಡುತ್ತಿದ್ದಳು. ಅವನು ನಾಚಿಕೊಂಡು ತನ್ನದನ್ನು ಅವಳಿಗೆ ಕೊಡುತ್ತಿದ್ದ. ಬೀದಿಯುದ್ದಕ್ಕೂ ಅದೇ ವ್ಯವಹಾರ. ವರ್ಷದಿಂದ ಮುಖ ನೋಡದವರು ಕೈ ಕುಲುಕುತ್ತಿದ್ದರು. ನಾರ್ಬರ್ಟ್ ಕಣ್ಣುಜ್ಜಿಕೊಂಡು ನೋಡಿದ.

ರಾತ್ರಿ ಟಿವಿಯಲ್ಲಿ ಆಲ್ಡರ್ ಬೆಂಡ್‌ನ ಎಣಿಕೆ ಬಂತು. ಎಡಕ್ಕೂ ಬಲಕ್ಕೂ ಕಳೆದ ಸಲ ಎಷ್ಟೆಷ್ಟು ಓಟು ಬಿದ್ದಿದ್ದವೋ ಈ ಸಲವೂ ಹೆಚ್ಚುಕಡಿಮೆ ಅಷ್ಟಷ್ಟೇ. ಕನ್ನಡಕ ಹಾಕಿದ್ದ ಚುನಾವಣಾ ತಜ್ಞರೊಬ್ಬರು ಆ ಅಂಕಿಗಳನ್ನು ನೋಡಿ, ಇದು ಎಡಕ್ಕೂ ವಾಲದ, ಬಲಕ್ಕೂ ವಾಲದ ಬಂಡೆಯಂಥ ಊರು, ಇಲ್ಲಿ ಒಂದೇ ಒಂದು ಮನಸ್ಸೂ ಬದಲಾಗಿಲ್ಲ ಎಂದು ಭಕ್ತಿಯಿಂದ ವಿವರಿಸಿದರು.

ಲೊರೇನ್ ಒಳಗಿಂದ ಒಂದು ದಿಂಬು, ಒಂದು ಕಂಬಳಿ ತಂದು ನಾರ್ಬರ್ಟನ ಕೈಗಿತ್ತು, ನೆಲಮಾಳಿಗೆಯ ಬಾಗಿಲು ತೆರೆದಳು.

“ಎಡದವರಿಗೆ ನನ್ನ ಮಂಚದಲ್ಲಿ ಜಾಗ ಇಲ್ಲ,” ಅಂದಳು.