ಸಮಾಧಾನಪ್ಪನಿಗೆ ಬಂದ ಹೂಗುಚ್ಛ

ಇಷ್ಟಕ್ಕೆಲ್ಲ ಕಾರಣ ಅಕೌಂಟ್ಸ್ ಮೇಡಂ ಹಿಂದಿನ ವರ್ಷ ಆಡಿದ ಒಂದು ಮಾತು. ಅವತ್ತು ಸಮಾಧಾನಪ್ಪ ಧೈರ್ಯ ಮಾಡಿ, "ಇವತ್ತು ನನ್ನ ಹುಟ್ಟುಹಬ್ಬ" ಎಂದು ತಾನಾಗಿಯೇ ಬಾಯಿಬಿಟ್ಟಿದ್ದ. ಆಕೆ ಕ್ಯಾಲ್ಕ್ಯುಲೇಟರಿನಿಂದ ತಲೆ ಎತ್ತಿ, "ಹೌದಾ? ನಿಮಗೂ ಅದೆಲ್ಲ ಇದ್ಯಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಮತ್ತೆ ತಲೆ ತಗ್ಗಿಸಿದ್ದರು.

ಸಮಾಧಾನಪ್ಪ ಎಂಬುದು ಅವನಿಗೆ ಹೆತ್ತವರು ಇಟ್ಟ ಹೆಸರಲ್ಲ. ಲಿಫ್ಟ್ ರಿಪೇರಿ ಮಾಡುವ ಕಂಪನಿಯೊಂದರ ದೂರು ವಿಭಾಗದಲ್ಲಿ ಫೋನು ಎತ್ತುವುದು ಅವನ ಕೆಲಸ. ಊರಲ್ಲಿ ಯಾರು ಯಾವ ಲಿಫ್ಟಿನಲ್ಲಿ ಸಿಕ್ಕಿಕೊಂಡರೂ ಅವನ ಮೇಜಿನ ಮೇಲಿನ ಫೋನು ಬಡಿದುಕೊಳ್ಳುತ್ತಿತ್ತು. "ಸಮಾಧಾನ ಮಾಡ್ಕೊಳ್ಳಿ, ಮೆಕ್ಯಾನಿಕ್ ಹೊರಟಾಯ್ತು" ಎಂದು ಅವನು ಹೇಳುತ್ತಿದ್ದ. ಮೆಕ್ಯಾನಿಕ್ ಆಗ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತಿದ್ದರೂ ಹಾಗೇ ಹೇಳುತ್ತಿದ್ದ. ಹೇಳಿ ಹೇಳಿ ಆ ಮಾತೇ ಅವನ ಹೆಸರಾಯಿತು.

ಆ ಆಫೀಸಿನಲ್ಲಿ ಹುಟ್ಟುಹಬ್ಬ ಬಂದರೆ ಯಾರಾದರೂ ಬೊಕೆ ಕಳಿಸುವುದು ವಾಡಿಕೆಯಾಗಿಬಿಟ್ಟಿತ್ತು. ಅಕೌಂಟ್ಸ್ ಮೇಡಂಗೆ ಗಂಡನಿಂದ, ಎದುರು ಮೇಜಿನ ಸ್ಟೋರ್‌ಕೀಪರನಿಗೆ ಅಳಿಯನಿಂದ ಬರುತ್ತಿತ್ತು. ಬೊಕೆ ಬಂದವರ ಮೇಜು ಅವತ್ತೊಂದು ದಿನ ಸಿಂಹಾಸನ. ಸಮಾಧಾನಪ್ಪನ ಮೇಜಿಗೆ ಬರುತ್ತಿದ್ದುದು ಬರೀ ದೂರು.

ಈ ವರ್ಷವೂ ಬೆಳಿಗ್ಗೆ ಅವನು ಹೊಸ ಶರಟು ಹಾಕಿಕೊಂಡು ಹೆಂಡತಿಯ ಮುಂದೆ ಎರಡು ಸಲ ಹಾದುಹೋದ. ಅವಳು, "ಯಾಕ್ರೀ, ಮೀಟಿಂಗಾ?" ಎಂದಳು. ಅಷ್ಟೇ.

ಅವನಿಗೆ ರೇಗಿತು. ಬಸ್ಸಿಳಿದವನು ನೇರ ಆಫೀಸಿಗೆ ಹೋಗದೆ, ತಿರುವಿನಲ್ಲಿದ್ದ ಹೂವಿನ ಅಂಗಡಿಗೆ ನುಗ್ಗಿದ. "ಊರೊಳಗೆ ಎಲ್ಲಿಗಾದರೂ ತಾಜಾ ಹೂವು, ಮಧ್ಯಾಹ್ನದೊಳಗೆ" ಎಂದು ಗಾಜಿನ ಮೇಲೆ ಬರೆದಿತ್ತು.

"ಯಾರಿಗೆ ಸರ್?" ಅಂಗಡಿಯಾಕೆ ಕತ್ತರಿ ಆಡಿಸುತ್ತಲೇ ಕೇಳಿದಳು.

"ಒಬ್ಬರಿಗೆ. ಗಂಡಸು."

"ಯಾವ ಬಣ್ಣ ಇಷ್ಟ ಅವರಿಗೆ?"

ಸಮಾಧಾನಪ್ಪ ತಬ್ಬಿಬ್ಬಾದ. ಈ ಪ್ರಶ್ನೆಯನ್ನು ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ, ಅವನೂ ಕೇಳಿಕೊಂಡಿರಲಿಲ್ಲ. "ಹಳದಿ... ಅನ್ಸುತ್ತೆ."

"ತುಂಬ ಬೇಕಾದವರಾ?"

"ಹೌದು. ಚಿಕ್ಕಂದಿನಿಂದ ಗೊತ್ತು."

ದೂರು ವಿಭಾಗದ ಸಾಹೇಬರಿಗೆಂದು ಆಫೀಸಿನ ವಿಳಾಸ ಕೊಟ್ಟು, ಕಳಿಸಿದವರ ಹೆಸರು ಬೇಡವೆಂದ. ಕಾರ್ಡಿನಲ್ಲಿ ಏನು ಬರೆಯಲಿ ಎಂದಾಗ ಸುತ್ತಮುತ್ತ ನೋಡಿ, ದನಿ ತಗ್ಗಿಸಿ, "ನಿಮ್ಮಂಥವರು ಅಪರೂಪ ಅಂತ ಬರೀರಿ" ಎಂದ. ಆಕೆ ದುಂಡಗಿನ ಅಕ್ಷರದಲ್ಲಿ ಬರೆದು, ಮೊಬೈಲ್ ನಂಬರ್ ಕೇಳಿದಳು. "ತಲುಪಿದ ತಕ್ಷಣ ನಮ್ಮ ಡೆಲಿವರಿಯವರು ನಿಮಗೆ ಫೋನ್ ಮಾಡ್ತಾರೆ." ಆಗಬಹುದಾದ ಅನಾಹುತ ಹೊಳೆಯದೆ ಸಮಾಧಾನಪ್ಪ ನಂಬರ್ ಕೊಟ್ಟ.

ಆಫೀಸಿನಲ್ಲಿ ಅವನಿಗೆ ಕೆಲಸದ ಮೇಲೆ ಗಮನವಿರಲಿಲ್ಲ. ಕಣ್ಣು ಬಾಗಿಲ ಮೇಲಿತ್ತು. ಅಷ್ಟರಲ್ಲಿ ಮೇಜಿನ ಫೋನು ಬಡಿದುಕೊಂಡಿತು.

"ರೀ, ಲಿಫ್ಟ್ ನಿಂತುಬಿಟ್ಟಿದೆ! ಯಾರಾದ್ರೂ ಬರ್ರೀ!"

"ಸಮಾಧಾನ ಮಾಡ್ಕೊಳ್ಳಿ. ಮೆಕ್ಯಾನಿಕ್ ಹೊರಟಾಯ್ತು. ಯಾವ ಕಟ್ಟಡ?"

"ನಮ್ಮದೇ ಕಟ್ಟಡ ಕಣ್ರೀ! ನಾನು ಮ್ಯಾನೇಜರ್ ಮಾತಾಡ್ತಿರೋದು!"

ಲಿಫ್ಟ್ ರಿಪೇರಿ ಕಂಪನಿಯ ಮ್ಯಾನೇಜರು ತಮ್ಮದೇ ಲಿಫ್ಟಿನಲ್ಲಿ ಎರಡನೇ ಮಹಡಿಗೂ ಮೂರನೇ ಮಹಡಿಗೂ ನಡುವೆ ತ್ರಿಶಂಕುವಾಗಿದ್ದರು. "ನನ್ನ ಜೊತೆ ಇನ್ನೊಬ್ಬ ಇದಾನೆ. ಕೈಲಿ ಒಂದು ತೋಟಾನೇ ಹಿಡ್ಕೊಂಡಿದಾನೆ. ನನಗೆ ಹೂವಿನ ಪುಡಿ ಆಗಲ್ಲ... ಆಆಕ್ಷೀ!"

ಅದೇ ಹೊತ್ತಿಗೆ ಸಮಾಧಾನಪ್ಪನ ಜೇಬಿನಲ್ಲಿ ಮೊಬೈಲು ನಡುಗಿತು. ಅವನು ಅದನ್ನು ಇನ್ನೊಂದು ಕಿವಿಗೆ ಇಟ್ಟುಕೊಂಡ. "ಸರ್, ಹೂವಿನ ಅಂಗಡಿಯಿಂದ. ನಿಮ್ಮ ಬೊಕೆ ತಲುಪೋದು ಸ್ವಲ್ಪ ತಡ ಆಗುತ್ತೆ. ಇಲ್ಲಿ ಯಾರೋ ಒಬ್ಬರು ಸೀನ್ತಾ ಇದಾರೆ."

ಆ ಕಿವಿಯಲ್ಲೂ ಸೀನು, ಈ ಕಿವಿಯಲ್ಲೂ ಸೀನು. ಲಿಫ್ಟಿನೊಳಗೆ ಎರಡೂ ಫೋನಿನಲ್ಲಿ ತನ್ನದೇ ದನಿ ಕೇಳಿಸಿದರೆ ಮ್ಯಾನೇಜರಿಗೆ ಗುಟ್ಟು ತಿಳಿದುಹೋಗುತ್ತದೆಂದು ಗಾಬರಿಬಿದ್ದು ಸಮಾಧಾನಪ್ಪ ಮೇಜಿನ ಫೋನನ್ನು ಎದೆಗೊತ್ತಿಕೊಂಡು, ಗಂಟಲು ಕಿರಿದು ಮಾಡಿಕೊಂಡು, ಮೊಬೈಲಿನಲ್ಲಿ "ಪರವಾಗಿಲ್ಲ" ಎಂದು ಉಸುರಿದ. ಆ ದನಿ ಎಷ್ಟು ತೆಳ್ಳಗೆ ಬಂತೆಂದರೆ ಅವನಿಗೇ ಅದು ತನ್ನದೆನ್ನಿಸಲಿಲ್ಲ.

"ಸರಿ ಮೇಡಂ" ಎಂದಿತು ಮೊಬೈಲು.

ಮೆಕ್ಯಾನಿಕ್ಕನ್ನು ಕ್ಯಾಂಟೀನಿನಿಂದ ಎಳೆತಂದು, ಬಾಗಿಲು ಮೀಟಿಸಿ ಇಬ್ಬರನ್ನೂ ಮೇಲಕ್ಕೆ ಎತ್ತುವ ಹೊತ್ತಿಗೆ ಆಫೀಸಿಗೆ ಆಫೀಸೇ ನೆರೆದಿತ್ತು. ಮ್ಯಾನೇಜರ ಮೂಗು ಟೊಮೆಟೊ ಆಗಿತ್ತು, ಕೋಟಿಗೆಲ್ಲ ಹಳದಿ ಪುಡಿ ಮೆತ್ತಿತ್ತು. ಅವರ ಹಿಂದೆ ಡೆಲಿವರಿಯವನು, ಏನೂ ಆಗದವನಂತೆ, "ದೂರು ವಿಭಾಗದ ಸಾಹೇಬ್ರು ಯಾರು?" ಎಂದ.

"ನಾನೇ" ಎಂದ ಸಮಾಧಾನಪ್ಪ. ಅಚ್ಚರಿಯ ಮುಖ ಮಾಡುವುದನ್ನು ಅವನು ಬಸ್ಸಿನಲ್ಲಿ ಅಭ್ಯಾಸ ಮಾಡಿಕೊಂಡು ಬಂದಿದ್ದ. ಆದರೆ ಮ್ಯಾನೇಜರ ಮೂಗು ನೋಡಿ ಅದು ಭಯದ ಮುಖವಾಯಿತು.

"ಇವರಿಗಾ?" ಅಕೌಂಟ್ಸ್ ಮೇಡಂ ಕನ್ನಡಕ ಸರಿಮಾಡಿಕೊಂಡರು. "ಯಾರು ಕಳಿಸಿದ್ದು?"

"ಹೆಸರು ಕೊಟ್ಟಿಲ್ಲಮ್ಮ. ಇರಿ, ತಲುಪಿತು ಅಂತ ಅವರಿಗೆ ಹೇಳಿಬಿಡ್ತೀನಿ" ಎಂದು ಡೆಲಿವರಿಯವನು ನಂಬರ್ ಒತ್ತತೊಡಗಿದ.

ಸಮಾಧಾನಪ್ಪ ಬೊಕೆಯನ್ನು ಸ್ಟೋರ್‌ಕೀಪರನ ಕೈಗೆ ತುರುಕಿ, ಹೊಟ್ಟೆ ಹಿಡಿದುಕೊಂಡು ಟಾಯ್ಲೆಟ್ಟಿಗೆ ಓಡಿದ. ಚಿಲಕ ಹಾಕುವುದಕ್ಕೂ ಮೊಬೈಲು ಕೂಗುವುದಕ್ಕೂ ಸರಿಹೋಯಿತು.

"ಮೇಡಂ, ನಿಮ್ಮ ಹೂವು ತಲುಪಿತು."

ಮೇಡಂ ಎಂದಮೇಲೆ ಮೇಡಮ್ಮೇ ಆಗಬೇಕಾಯಿತು. "ಖುಷಿಪಟ್ರಾ?" ಎಂದ ಸಮಾಧಾನಪ್ಪ, ಅದೇ ತೆಳ್ಳನೆ ದನಿಯಲ್ಲಿ.

"ತುಂಬಾ ಮೇಡಂ. ಬೆವೆತುಬಿಟ್ರು. ಈಗ ಎಲ್ಲಿಗೋ ಓಡಿದ್ರು."

ಅವನು ಮುಖ ತೊಳೆದು ಬರುವಷ್ಟರಲ್ಲಿ ತನಿಖೆ ಶುರುವಾಗಿತ್ತು. ಅಕೌಂಟ್ಸ್ ಮೇಡಂ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದರು. "ನಿಮ್ಮಂಥವರು ಅಪರೂಪ! ಅಕ್ಷರ ನೋಡಿ, ಹೆಂಗಸಿನದು. ಫೋನಲ್ಲೂ ಹೆಂಗಸಂತೆ, ಆ ಡೆಲಿವರಿಯವನೇ ಹೇಳ್ದ."

"ಯಾರೋ ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದವರು ಇರಬಹುದು" ಎಂದ ಸಮಾಧಾನಪ್ಪ.

"ಲಿಫ್ಟಿನಲ್ಲಿ ಸಿಕ್ಕಿಕೊಂಡವರು ಬೈತಾರೆ, ಹೂವು ಕಳಿಸಲ್ಲ. ಮನೇಲಿ ಗೊತ್ತಾ ಇದು?"

"ಅಂಥಾದ್ದೇನೂ ಇಲ್ಲ ಮೇಡಂ..."

"ನಾನೇನೂ ಅನ್ನಲಿಲ್ಲಪ್ಪ. ಒಂದು ಮಾತು ನಿಮ್ಮ ಮನೆಯವರನ್ನೇ ಕೇಳಿಬಿಟ್ಟರೆ ಮುಗೀತಲ್ಲ. ಅವರ ನಂಬರ್ ಇದೆ ನನ್ನ ಹತ್ರ."

ಸಿಂಹಾಸನ ಬೇಕೆಂದಿದ್ದವನಿಗೆ ಕಟಕಟೆ ಸಿಕ್ಕಿತ್ತು. ನಿಜ ಹೇಳಿಬಿಡೋಣವೆಂದು ಅವನು ಬಾಯಿ ತೆರೆದ. ತನಗೆ ತಾನೇ ಹೂವು ಕಳಿಸಿಕೊಂಡ ಕತೆ ಈ ಆಫೀಸಿನಲ್ಲಿ ತಾನು ನಿವೃತ್ತನಾದ ಮೇಲೂ ಓಡಾಡುತ್ತದೆ ಎನ್ನಿಸಿ ಮುಚ್ಚಿದ. ಮೇಡಂ ಫೋನು ಕೈಗೆತ್ತಿಕೊಂಡದ್ದು ನೋಡಿ ಮತ್ತೆ ತೆರೆದ.

ಆಗ ಸ್ಟೋರ್‌ಕೀಪರ ಎದ್ದು ನಿಂತ. ಹಳೆಯ ಬೋಲ್ಟು ತಂದು ತೋರಿಸದೆ ಹೊಸ ಬೋಲ್ಟು ಕೊಡದ ಆಸಾಮಿ. "ಯಾಕೆ ಸುಮ್ಮನೆ ಅವರನ್ನ ಗೋಳು ಹೊಯ್ಕೋತೀರಿ? ಬೊಕೆ ಕಳಿಸಿದ್ದು ನಾನು" ಎಂದ.

ಮೇಡಂ ಫೋನು ಕೆಳಗಿಟ್ಟರು.

"ನೀವಾ?"

"ನಾನೇ. ಅಂಗಡಿಯಾಕೆ ಕೈಲಿ ಬರೆಸಿದೆ, ನಂಬರೂ ಆಕೇದೇ ಕೊಟ್ಟಿದ್ದೆ. ಪಾಪ, ಇವರಿಗೂ ಒಂದು ಇರಲಿ ಅಂತ."

ಎಲ್ಲರೂ ಚಪ್ಪಾಳೆ ತಟ್ಟಿದರು, ಸ್ಟೋರ್‌ಕೀಪರನಿಗೆ. ಮೇಡಂ ಅವನ ಬೆನ್ನು ತಟ್ಟಿದರು. ಸಮಾಧಾನಪ್ಪ ತನ್ನ ದುಡ್ಡಿನ ಹೂವಿಗೆ ಇನ್ನೊಬ್ಬನ ಕೈ ಕುಲುಕಿ, "ತುಂಬ ಉಪಕಾರ ಆಯ್ತು" ಎನ್ನಬೇಕಾಯಿತು.

"ಉಪಕಾರ ಏನ್ ಬಂತು ಬಿಡಿ" ಎಂದ ಸ್ಟೋರ್‌ಕೀಪರ, ಕೈ ಬಿಡದೆ. "ಅಂದಹಾಗೆ, ಈ ಭಾನುವಾರ ತುರ್ತು ಫೋನಿಗೆ ಕೂರೋ ಸರದಿ ನಂದು. ನಾದಿನಿ ಮನೆ ಬದಲಾಯಿಸ್ತಿದಾರೆ. ನೀವು ಕೂತ್ಕೋತೀರಲ್ಲ?"

ಸಮಾಧಾನಪ್ಪ ಕೂತುಕೊಳ್ಳುತ್ತೇನೆಂದ.

ಅಲ್ಲಿಗೂ ಮುಗಿಯಲಿಲ್ಲ. ಮಧ್ಯಾಹ್ನ ಮ್ಯಾನೇಜರು ಕರ್ಚೀಫು ಮೂಗಿಗೆ ಒತ್ತಿಕೊಂಡು ಬಂದು, ಇನ್ನು ಮೇಲೆ ಈ ಕಟ್ಟಡದೊಳಗೆ ಒಂದೇ ಒಂದು ಹೂವೂ ಬರಕೂಡದೆಂದು ವಾಚ್‌ಮನ್‌ಗೆ ಹೇಳಿಬಿಟ್ಟರು. ಮುಂದಿನ ವಾರವೇ ಹುಟ್ಟುಹಬ್ಬವಿದ್ದ ಅಕೌಂಟ್ಸ್ ಮೇಡಂ ಆಮೇಲೆ ಸಮಾಧಾನಪ್ಪನನ್ನು ಬಾಕಿ ಬಿಲ್ಲು ನೋಡಿದಂತೆ ನೋಡಿದರು.

ಸಂಜೆ ಅವನು ಬೊಕೆಯನ್ನು ಬಸ್ಸಿನ ನೂಕುನುಗ್ಗಲಿನಿಂದ ಹೇಗೋ ಉಳಿಸಿಕೊಂಡು ಮನೆ ಮುಟ್ಟಿದ. ಬೇಸರದಲ್ಲೂ ಒಂದು ನೆಮ್ಮದಿಯಿತ್ತು. ಹೆಂಡತಿ ಕೇಳಿದರೆ ಸ್ಟೋರ್‌ಕೀಪರ ಕೊಟ್ಟದ್ದೆಂದು ಹೇಳಿದರಾಯಿತು. ಆಫೀಸಿಗೆ ಆಫೀಸೇ ಅದಕ್ಕೆ ಸಾಕ್ಷಿ.

ಬಾಗಿಲು ತೆರೆದ ಹೆಂಡತಿ ಮುಖದ ತುಂಬ ನಗುತ್ತಿದ್ದಳು. "ಹೂವು ಬಂತಾ? ಇಷ್ಟ ಆಯ್ತಾ? ನಾನು ಮರೆತುಬಿಟ್ಟೆ ಅಂದ್ಕೊಂಡು ಬೆಳಿಗ್ಗೆ ಮುಖ ಊದಿಸ್ಕೊಂಡು ಹೋದ್ರಿ ಅಲ್ವಾ?"

ಸಮಾಧಾನಪ್ಪನಿಗೆ ಒಳಗೊಳಗೇ ನಗು ಬಂತು. ಅಕೌಂಟ್ಸ್ ಮೇಡಂ ಇವಳಿಗೆ ಫೋನು ಮಾಡಿರಬೇಕು, ಇವಳೂ ಸಿಕ್ಕಿದ್ದೇ ಸಮಯವೆಂದು ತಾನೇ ಕಳಿಸಿದ್ದೆಂದು ಹೇಳಿಕೊಳ್ಳುತ್ತಿದ್ದಾಳೆ. ಒಂದು ಬೊಕೆಗೆ ಎಷ್ಟು ಜನ ದಾನಿಗಳು! ಹೋಗಲಿ ಪಾಪ ಎಂದುಕೊಂಡು, "ತುಂಬ ಚೆನ್ನಾಗಿದೆ ಕಣೆ. ನೀನೇ ಕಳಿಸಿದ್ದು ಅಂತ ನೋಡಿದ ತಕ್ಷಣ ಗೊತ್ತಾಯ್ತು" ಎಂದು ಬೊಕೆ ಮುಂದೆ ಹಿಡಿದ.

ಹೆಂಡತಿಯ ನಗು ನಿಂತಿತು.

"ಇದು ಹಳದಿ. ನಾನು ಕಳಿಸಿದ್ದು ಕೆಂಪು ಗುಲಾಬಿ."

ಅವನು ಏನೋ ಹೇಳುವಷ್ಟರಲ್ಲಿ ಬೆನ್ನ ಹಿಂದೆ ಯಾರೋ ಕೆಮ್ಮಿದರು. ಬೆಳಿಗ್ಗೆಯ ಡೆಲಿವರಿಯವನೇ, ಕೈಯಲ್ಲಿ ಕೆಂಪು ಗುಲಾಬಿಯ ಬೊಕೆ. "ಕ್ಷಮಿಸಿ ಮೇಡಂ, ಆಫೀಸ್ ವಾಚ್‌ಮನ್ ಒಳಗೆ ಬಿಡಲಿಲ್ಲ. ಅದಕ್ಕೆ ಮನೆಗೇ ತಂದೆ." ಆಮೇಲೆ ಸಮಾಧಾನಪ್ಪನನ್ನು ಗುರುತು ಹಿಡಿದು ಕಣ್ಣರಳಿಸಿದ. "ಓ, ನೀವೇನಾ ಸರ್! ಅದೃಷ್ಟವಂತರು. ಒಂದೇ ದಿನ ಇಬ್ಬರು ಮೇಡಂಗಳಿಂದ!"

ಹೆಂಡತಿ ಕೆಂಪು ಬೊಕೆ ತೆಗೆದುಕೊಂಡಳು. ಹಳದಿಯದರಿಂದ ಕಾರ್ಡು ಕಿತ್ತು ಓದಿದಳು. ದುಂಡಗಿನ ಅಕ್ಷರಗಳನ್ನು ಇನ್ನೊಮ್ಮೆ ಓದಿದಳು.

"ಅದು ಸ್ಟೋರ್‌ಕೀಪರ್ ಕಳಿಸಿದ್ದು ಕಣೆ!" ಎಂದ ಸಮಾಧಾನಪ್ಪ. "ಬೇಕಾದ್ರೆ ಕೇಳು."

ಅವಳು ನಂಬರ್ ಪಡೆದು ಕೇಳಿಯೇಬಿಟ್ಟಳು. ಫೋನಿನಲ್ಲಿ ಹೆಂಗಸಿನ ಬಿಗಿದ ದನಿ ಕೇಳಿದ್ದೇ ಸ್ಟೋರ್‌ಕೀಪರ ಹೌಹಾರಿ ಕೂಗಿಕೊಂಡ. ಅವನ ಉತ್ತರ ಬಾಗಿಲಲ್ಲಿ ನಿಂತ ಮೂವರಿಗೂ ಕೇಳಿಸಿತು. "ಅಯ್ಯೋ, ನನ್ನನ್ನ ಇದರಲ್ಲಿ ಸೇರಿಸಬೇಡಿ ತಾಯಿ! ನಾನು ಯಾರಿಗೂ ಹೂವು ಕಳಿಸಿದವನಲ್ಲ. ಎಲ್ಲರ ಮುಂದೆ ಅವರ ಮಾನ ಹೋಗ್ತಿತ್ತು, ಉಳಿಸೋಣ ಅಂತ ಒಂದು ಸುಳ್ಳು ಹೇಳ್ದೆ, ಅಷ್ಟೇ."

ಹೆಂಡತಿ ಫೋನಿಟ್ಟು ಗಂಡನ ಕಡೆ ತಿರುಗಿದಳು. ಇನ್ನು ನಿಜವಲ್ಲದೆ ಬೇರೆ ಗತಿಯಿರಲಿಲ್ಲ.

"ನೋಡು, ಅದನ್ನ ಕಳಿಸಿದ್ದು ನಾನೇ. ನನಗೆ ನಾನೇ."

"ನಿಮಗೆ ನೀವೇ?"

"ಹ್ಞೂಂ. ರೀ ಸ್ವಾಮಿ, ಬೆಳಿಗ್ಗೆ ಕಳಿಸಿದವರ ನಂಬರಿಗೆ ಈಗ ಫೋನ್ ಮಾಡಿ. ಇವಳಿಗೂ ಗೊತ್ತಾಗಲಿ."

ಡೆಲಿವರಿಯವನು ನಂಬರ್ ಒತ್ತಿದ. ಸಮಾಧಾನಪ್ಪನ ಜೇಬಿನಲ್ಲಿ ಮೊಬೈಲು ಜೋರಾಗಿ ಕೂಗಿತು. ಅವನು ಗೆದ್ದವನಂತೆ ಅದನ್ನು ಹೊರಗೆಳೆದು ಎತ್ತಿ ಹಿಡಿದ. "ನೋಡಿದ್ಯಾ?"

ಹೆಂಡತಿ ಡೆಲಿವರಿಯವನನ್ನು ಕೇಳಿದಳು. "ಬೆಳಿಗ್ಗೆ ಈ ಫೋನ್ ಎತ್ತಿದ್ದು ಇವರೇನಾ?"

ಅವನು ಪ್ರಾಮಾಣಿಕ ಮನುಷ್ಯ. ತಲೆ ಕೆರೆದುಕೊಂಡ. "ಇಲ್ಲಮ್ಮ. ಎರಡು ಸಲಾನೂ ಒಬ್ಬರು ಮೇಡಂ ಎತ್ತಿದ್ರು. ಮೆತ್ತಗಿನ ದನಿ. 'ಖುಷಿಪಟ್ರಾ' ಅಂತ ತುಂಬ ಪ್ರೀತಿಯಿಂದ ಕೇಳಿದ್ರು."

"ಅಂದ್ರೆ ನಿಮ್ಮ ಫೋನನ್ನೇ ಎತ್ತಿ ಮಾತಾಡೋಷ್ಟು ಸಲಿಗೆ" ಎಂದಳು ಹೆಂಡತಿ.

"ಅದು ನಾನೇ ಕಣೆ! ಟಾಯ್ಲೆಟ್ಟಲ್ಲಿ ನಿಂತು ಹೆಂಗಸಿನ ದನಿ ಮಾಡಿದ್ದೆ!"

ಹೇಳಿದ ಮೇಲೆ ಅವನ ಕಿವಿಗೇ ಅದು ಹೇಗೋ ಕೇಳಿಸಿತು. ಡೆಲಿವರಿಯವನು ನೆಲ ನೋಡಿದ. "ಬರ್ತೀನಿ ಸರ್" ಎಂದು ಮೆಟ್ಟಿಲಿಳಿದು ಹೋದ.

ಹೆಂಡತಿ ಕೂಗಾಡಲಿಲ್ಲ, ಅಳಲೂ ಇಲ್ಲ. ಕೆಂಪು ಗುಲಾಬಿಗಳನ್ನು ನೀರಿಗೆ ಇಟ್ಟು ಬಂದು, ಕೋಣೆಯ ಬಾಗಿಲಲ್ಲಿ ಒಂದು ಕ್ಷಣ ನಿಂತಳು.

"ನಾಳೆ ಬೆಳಿಗ್ಗೆವರೆಗೂ ಸಮಯ ಇದೆ. ಅವಳು ಯಾರು ಅಂತ ಹೇಳಿಬಿಡಿ, ಕ್ಷಮಿಸೋದು ಬಿಡೋದು ಆಮೇಲೆ ನೋಡೋಣ. ಆದರೆ ಟಾಯ್ಲೆಟ್ಟು, ಹೆಂಗಸಿನ ದನಿ, ಇಂಥದ್ದನ್ನೆಲ್ಲ ಇನ್ನೊಂದು ಸಲ ಹೇಳಿದ್ರೆ ಮಾತ್ರ ನಾನು ಸುಮ್ಮನಿರಲ್ಲ."

ಬಾಗಿಲು ಮುಚ್ಚಿಕೊಂಡಿತು. ಸಮಾಧಾನಪ್ಪ ಹಳದಿ ಹೂವನ್ನು ಪಕ್ಕದಲ್ಲಿಟ್ಟುಕೊಂಡು ಸೋಫಾದ ಮೇಲೆ ಕುಳಿತ. ಬಹಳ ಹೊತ್ತು ಕುಳಿತಿದ್ದು, ಕೊನೆಗೆ ಬೇರೆ ದಾರಿ ಕಾಣದೆ, ತನ್ನಂಥವನಿಗೆ ಹೂವು ಕಳಿಸಿದಳೆಂದರೆ ನಂಬುವಂಥ ಒಬ್ಬ ಹೆಂಗಸನ್ನು ಯೋಚಿಸತೊಡಗಿದ.